ಎರಡು ಉಣ್ಣೆ, ಒಂದು ನಾಯಿ

ಕನ್ನಡದಲ್ಲಿ ‘ಉಣ್ಣೆ’ ಎಂಬ ಪದಕ್ಕೆ ಎರಡು ಅರ್ಥಗಳಿವೆ. ಒಂದು, ಕುರಿಯ ಮೈಮೇಲೆ ಬೆಳೆಯುವ ತುಪ್ಪಟ. ಇನ್ನೊಂದು, ದನದ ಕೆಚ್ಚಲಿಗೋ ನಾಯಿಯ ಕಿವಿಗೋ ಕಚ್ಚಿಕೊಂಡು ರಕ್ತ ಹೀರುವ ಜೀವಿ. ಮೊದಲನೆಯದು ಸಂಸ್ಕೃತದ ‘ಊರ್ಣಾ’ ಪ್ರಾಕೃತದ ಮೂಲಕ ಸವೆದು ಬಂದ ರೂಪ. ಎರಡನೆಯದು ದ್ರಾವಿಡ ಮೂಲದ್ದು, ತಮಿಳಿನ ‘ಉಣ್ಣಿ’ಯ ಒಡಹುಟ್ಟು. ಕುಲ ಬೇರೆಯಾದ ಎರಡು ಪದಗಳು ಬಾಯಲ್ಲಿ ಸವೆದು ಸವೆದು ಒಂದೇ ರೂಪಕ್ಕೆ ಬಂದು ನಿಂತಿವೆ. ಪಿರಿಯಾಪಟ್ಟಣದ ಕಡೆಯ ಹಳ್ಳಿಗಳಲ್ಲಿ ನಾಯಿಯ ವಿಷಯ ಮಾತಾಡುವಾಗ ‘ಉಣ್ಣೆ’ ಎಂದರೆ ಎರಡನೆಯದೇ. ನಾಯಿಗೂ ತುಪ್ಪಟಕ್ಕೂ ನಂಟು ಕಟ್ಟುವ ಅಗತ್ಯ ನಮ್ಮ ಭಾಷೆಗೆ ಬಂದದ್ದು ಇತ್ತೀಚೆಗೆ.

ನನ್ನ ಪಿಎಚ್.ಡಿ. ವಿಷಯ ಹಳೆ ಮೈಸೂರು ಭಾಗದ ಪಶುಪಾಲನೆಯ ಸಾಮಾಜಿಕ ಚರಿತ್ರೆ. ದನ, ಕುರಿ, ಕುದುರೆ, ಆನೆಗಳ ಬಗ್ಗೆ ದಾಖಲೆ ಹುಡುಕಿದರೆ ಒಂದಲ್ಲ ಒಂದು ಕಡೆ ಅವುಗಳ ಮೈ ನೋಡಿಕೊಂಡವರ ಸುಳಿವು ಸಿಗುತ್ತದೆ: ಲಾಯದವರು, ಮಾವುತರು, ಕಾವಾಡಿಗಳು, ಉಣ್ಣೆ ಕತ್ತರಿಸುವವರು. ನಾಯಿಯ ವಿಷಯದಲ್ಲಿ ಮಾತ್ರ ಆ ಕೈಗಳು ಕಾಣುವುದಿಲ್ಲ. ಇಂದು ಮೈಸೂರಿನ ಬಡಾವಣೆಗಳಲ್ಲಿ ‘ಪೆಟ್ ಗ್ರೂಮಿಂಗ್’ ಎಂಬ ಫಲಕ ಹೊತ್ತ ಅಂಗಡಿಗಳನ್ನು ಕಂಡಾಗ ನಾವು ಅದನ್ನು ಶ್ರೀಮಂತರ ಶೋಕಿ ಎಂದು ಸುಲಭವಾಗಿ ತಳ್ಳಿಹಾಕುವುದಕ್ಕೆ ಈ ಕಾಣದಿರುವಿಕೆಯೂ ಒಂದು ಕಾರಣ ಎಂದು ನನಗನ್ನಿಸುತ್ತದೆ.

ಹಾಗೆಂದು ಕನ್ನಡ ನಾಡು ನಾಯಿಯನ್ನು ಮರೆತ ನಾಡಲ್ಲ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತ, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಕ್ರಿ.ಶ. 949-50ರ ಶಾಸನ ಇದಕ್ಕೆ ಸಾಕ್ಷಿ. ರಾಷ್ಟ್ರಕೂಟ ಮೂರನೆಯ ಕೃಷ್ಣ ಮತ್ತು ಗಂಗರ ಬೂತುಗ ಸೇರಿ ಚೋಳ ರಾಜಾದಿತ್ಯನನ್ನು ಸೋಲಿಸಿದ ತಕ್ಕೋಲದ ಯುದ್ಧದ ಚರಿತ್ರೆಗೆ ಅದು ಮುಖ್ಯ ಆಕರ. ಆದರೆ ಕಲ್ಲಿನ ಮೇಲೆ ಕೆತ್ತಿರುವುದು ರಾಜರನ್ನಲ್ಲ, ಕಾದಾಡುತ್ತಿರುವ ಒಂದು ನಾಯಿ ಮತ್ತು ಒಂದು ಹಂದಿಯನ್ನು. ಪರಾಕ್ರಮಕ್ಕೆ ಮೆಚ್ಚಿದ ಒಡೆಯ ಏನು ಬೇಕೆಂದಾಗ ಮಣಲೇರ ಎಂಬ ವೀರ ಬೇಡಿದ್ದು ಕಾಳಿ ಎಂಬ ನಾಯಿಯನ್ನು. ಆ ಕಾಳಿ ಮುಂದೆ ಕಾಡುಹಂದಿಯೊಡನೆ ಹೋರಾಡಿ, ಅದನ್ನು ಕೊಂದು ತಾನೂ ಸತ್ತಿತು. ಅದರ ನೆನಪಿಗೆ ಕಲ್ಲು ನಿಂತಿತು, ಭೂಮಿ ದತ್ತಿಯಾಯಿತು, ಪೂಜೆಯ ಕಟ್ಟಳೆಯಾಯಿತು. 12ನೇ ಶತಮಾನದಲ್ಲಿ ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರ ಸಂಸ್ಕೃತದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ರಾಜನ ವಿನೋದಗಳ ಸಾಲಿನಲ್ಲಿ ನಾಯಿಗಳಿಗೂ ಒಂದು ಭಾಗವಿದೆ. ನಮ್ಮ ಕಾವ್ಯಗಳ ಬೇಟೆಯ ವರ್ಣನೆಗಳಲ್ಲಿ ನಾಯಿಗಳ ಹಿಂಡೇ ನುಗ್ಗುತ್ತದೆ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಓದಿದವರಾರೂ ಗುತ್ತಿಯ ಹುಲಿಯನನ್ನು ಮರೆಯಲಾರರು.

ಇಲ್ಲೆಲ್ಲ ನಾಯಿಯ ಶೌರ್ಯವಿದೆ, ನಿಷ್ಠೆಯಿದೆ, ಸಾವಿದೆ. ಬೇಟೆ ಮುಗಿಸಿ ಬಂದ ಮೇಲೆ ಅದರ ಮೈಗೆ ಹತ್ತಿದ ಮುಳ್ಳು ತೆಗೆದವರು ಯಾರು, ಗಾಯಕ್ಕೆ ಎಣ್ಣೆ ಹಚ್ಚಿದವರು ಯಾರು ಎಂಬುದಿಲ್ಲ. ಕಾಳಿಯನ್ನು ಬೇಡಿದವನ ಹೆಸರು ಕಲ್ಲಿನಲ್ಲಿದೆ, ಕಾಳಿಯ ಮೈ ತಿಕ್ಕಿದವರ ಹೆಸರಿಲ್ಲ. ಶಾಸನಗಳ ಸ್ವಭಾವವೇ ಹಾಗೆ ಎನ್ನಬಹುದು. ಆದರೆ ಇದಕ್ಕೆ ಇನ್ನೊಂದು ಸರಳ ಕಾರಣವೂ ಇದೆ, ಅದು ನಾಯಿಯ ಚರ್ಮದ ಮೇಲೆಯೇ ಇದೆ.

ನಮ್ಮ ಬಯಲುಸೀಮೆಯ, ಅರೆಮಲೆನಾಡಿನ ನಾಯಿಗಳ ಕೂದಲು ಗಿಡ್ಡ. ಒಳಗೂದಲು ತೀರ ಕಡಿಮೆ, ಮೈಗಂಟಿದ ಹೊರಗೂದಲಷ್ಟೇ ಎದ್ದು ಕಾಣುವುದು. ಮುಧೋಳದ ಬೇಟೆನಾಯಿಯೂ ಹೀಗೆಯೇ. ಭಾರತೀಯ ಅಂಚೆ ಇಲಾಖೆ 2005ರಲ್ಲಿ ಹೊರತಂದ ದೇಶಿ ತಳಿಗಳ ಚೀಟಿಗಳಲ್ಲಿ ಒಂದರ ಮೇಲೆ ಅದರ ಚಿತ್ರವಿದೆ. ಮುಧೋಳದ ಬಳಿಯ ತಿಮ್ಮಾಪುರದಲ್ಲಿ ಈ ತಳಿಗೆಂದೇ ಸಂಶೋಧನಾ ಕೇಂದ್ರವಿದೆ. ಇಂಥ ಮೈಗೆ ವಾರಕ್ಕೊಮ್ಮೆ ಒರಟು ಬಟ್ಟೆಯಲ್ಲೋ ರಬ್ಬರ್ ಬ್ರಷ್ಷಿನಲ್ಲೋ ತಿಕ್ಕಿದರೆ ಸಾಕು, ಉದುರುವುದು ಉದುರಿ ಹೊಳಪು ಬರುತ್ತದೆ. ಕತ್ತರಿ ಬೇಕಿಲ್ಲ, ಬಾಚಣಿಗೆಯೂ ಬೇಕಿಲ್ಲ. ಆರೈಕೆ ಎಂದರೆ ಮುಖ್ಯವಾಗಿ ಉಣ್ಣೆ ಬಿಡಿಸುವುದು. ಸಂಜೆ ಜಗಲಿಯ ಮೇಲೆ ಕೂತು ಕಿವಿಯೊಳಗೆ, ಕಾಲ್ಬೆರಳ ಸಂದಿಯಲ್ಲಿ, ಕೊರಳಪಟ್ಟಿಯ ಕೆಳಗೆ ಬೆರಳಾಡಿಸಿ ಒಂದೊಂದೇ ಕಿತ್ತು ಬೂದಿಗೋ ಸೀಮೆಎಣ್ಣೆಗೋ ಹಾಕುವುದು. ಅದು ಮನೆಯ ಹೆಂಗಸರ, ಮಕ್ಕಳ, ಜೀತದಾಳುಗಳ ಕೆಲಸವಾಗಿತ್ತು. ಅದಕ್ಕೆ ಹೆಸರೂ ಇರಲಿಲ್ಲ, ಕೂಲಿಯೂ ಇರಲಿಲ್ಲ. ಹೆಸರಿಲ್ಲದ ಕೆಲಸ ದಾಖಲೆಗೆ ಬರುವುದು ಹೇಗೆ?

ಆ ಕೆಲಸದೊಳಗೆ ತಿಳಿವಳಿಕೆ ಇತ್ತು, ಅಪಾಯವೂ ಇತ್ತು. ಹೊಂಗೆ ಎಣ್ಣೆ, ಬೇವಿನೆಣ್ಣೆ ಹಚ್ಚುವುದನ್ನು ಹುಣಸೂರು, ಎಚ್.ಡಿ. ಕೋಟೆಯ ಕಡೆ ಈಗಲೂ ಕಾಣಬಹುದು. ಪಿರಿಯಾಪಟ್ಟಣ, ಹುಣಸೂರು ವರ್ಜೀನಿಯಾ ಹೊಗೆಸೊಪ್ಪಿನ ಸೀಮೆ. ಕಂಪಲಾಪುರ, ಕಟ್ಟೆಮಳಲವಾಡಿಗಳಲ್ಲಿ ಹರಾಜು ಮಾರುಕಟ್ಟೆಗಳಿವೆ, ಹುಣಸೂರಿನಲ್ಲಿ ತಂಬಾಕು ಸಂಶೋಧನಾ ಕೇಂದ್ರವಿದೆ. ಹೀಗಾಗಿ ಹೊಗೆಸೊಪ್ಪು ನೆನೆಸಿದ ನೀರನ್ನು ದನಕ್ಕೂ ನಾಯಿಗೂ ಉಣ್ಣೆಯ ಮದ್ದೆಂದು ಬಳಿಯುವುದು ಇಲ್ಲಿ ಕೈಗೆಟುಕುವ ಉಪಾಯ. ಉಣ್ಣೆ ಸಾಯುವುದು ನಿಕೋಟಿನ್‌ನಿಂದ. ಅದೇ ನಿಕೋಟಿನ್ ಮೈ ನೆಕ್ಕಿಕೊಳ್ಳುವ ನಾಯಿಗೂ ವಿಷ. ದನ ತಡೆದುಕೊಂಡದ್ದನ್ನು ಹತ್ತು ಕೆ.ಜಿ. ತೂಕದ ನಾಯಿ ತಡೆದುಕೊಳ್ಳಲಾರದು. ಹಳತೆಲ್ಲ ಹೊನ್ನು ಎನ್ನುವವರು ಈ ಲೆಕ್ಕವನ್ನೂ ನೆನಪಿಡಬೇಕು.

ಈ ಸೀಮೆಗೆ ಪ್ರಾಣಿಯ ಕೂದಲು, ಚರ್ಮಗಳ ಬೆಲೆ ಗೊತ್ತಿರಲಿಲ್ಲ ಎಂದಲ್ಲ. 19ನೇ ಶತಮಾನದ ಹುಣಸೂರು ಅಮೃತಮಹಲ್ ದನಗಳ ಕೇಂದ್ರವಾಗಿತ್ತು. ಬ್ರಿಟಿಷ್ ಸೇನೆಯ ಪೂರೈಕೆಗಾಗಿ ಅಲ್ಲಿ ಚರ್ಮ ಹದಮಾಡುವ, ಕಂಬಳಿ ನೇಯುವ ಕಾರ್ಖಾನೆಗಳು ನಡೆದವು. ಕುರಿಯ ಉಣ್ಣೆ ಮಡಿಗೂ ಸಲ್ಲುತ್ತದೆ, ಹಾಲುಮತದವರ ಕಂಬಳಿ ಗದ್ದುಗೆಗೂ ಸಲ್ಲುತ್ತದೆ. ಮೈಲಾರಲಿಂಗನ ಒಕ್ಕಲಾದ ಗೊರವರು ಕರಡಿಕೂದಲಿನ ಟೊಪ್ಪಿಗೆ ತೊಟ್ಟು ಕುಣಿಯುತ್ತಾರೆ. ದೇವರ ನಾಯಿಗಳಾಗಿ ಬೊಗಳುವ ಆಚರಣೆಯೂ ಆ ಪರಂಪರೆಯಲ್ಲಿದೆ. ಆದರೆ ನಾಯಿಯ ಕೂದಲು ಮಾತ್ರ ಯಾರಿಗೂ ಬೇಡದ ವಸ್ತು, ಗುಡಿಸಿ ಎಸೆಯುವಂಥದ್ದು.

ಬೇರೆ ಕಡೆ ಹಾಗಿರಲಿಲ್ಲ. ಉತ್ತರ ಅಮೆರಿಕದ ಶಾಂತಸಾಗರ ತೀರದ ಕೋಸ್ಟ್ ಸೇಲಿಶ್ ಜನರು ದಟ್ಟ ತುಪ್ಪಟದ ನಾಯಿಗಳನ್ನೇ ಸಾಕಿ, ಕುರಿಯಂತೆ ಕತ್ತರಿಸಿ, ಆ ಕೂದಲಿನಿಂದ ಕಂಬಳಿ ನೇಯುತ್ತಿದ್ದರು. ಆ ನಾಯಿಗಳನ್ನು ನೋಡಿಕೊಳ್ಳುತ್ತಿದ್ದವರು ಹೆಂಗಸರು. ವಸಾಹತುಶಾಹಿಯ ಹೊಡೆತಕ್ಕೆ ಆ ಬದುಕು ಕುಸಿದಾಗ ತಳಿಯೂ ಅಳಿಯಿತು. 1859ರಲ್ಲಿ ಸತ್ತ ‘ಮಟನ್’ ಎಂಬ ನಾಯಿಯ ಚರ್ಮ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಸ್ಥೆಯಲ್ಲಿ ಉಳಿದಿದೆ. 2023ರಲ್ಲಿ ಪ್ರಕಟವಾದ ಅಧ್ಯಯನವೊಂದು ಅದರ ಡಿಎನ್‌ಎಯನ್ನೂ ಸೇಲಿಶ್ ಹಿರಿಯರ ನೆನಪುಗಳನ್ನೂ ಜೊತೆಗಿಟ್ಟು ಈ ಕಥೆಯನ್ನು ಮತ್ತೆ ಕಟ್ಟಿಕೊಟ್ಟಿತು. ಕೂದಲಿಗೆ ಬೆಲೆ ಇದ್ದಲ್ಲಿ ಅದನ್ನು ನೋಡಿಕೊಂಡ ಕೈಗಳಿಗೂ ನೆನಪಿನಲ್ಲಿ ಜಾಗ ಸಿಗುತ್ತದೆ.

ಇನ್ನು ನಮ್ಮ ತಾಲ್ಲೂಕಿಗೇ ಬರೋಣ. 1959ರ ನಂತರ ಟಿಬೆಟ್ ತೊರೆದು ಬಂದವರಿಗೆ ಅಂದಿನ ಮೈಸೂರು ರಾಜ್ಯ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಭೂಮಿ ಕೊಟ್ಟಿತು. ಮೊದಲ ವಸತಿ 1960-61ರ ಹೊತ್ತಿಗೆ ಶುರುವಾಯಿತು, ಎರಡನೆಯದು 1969ರಲ್ಲಿ. ಹುಣಸೂರು ತಾಲ್ಲೂಕಿನ ಗುರುಪುರದಲ್ಲಿ ಇನ್ನೊಂದು ನೆಲೆಯಾಯಿತು. ಸುಮಾರು 3,600 ಮೀಟರ್ ಎತ್ತರದ ಲಾಸಾದ ಚಳಿಗೆ ಒಗ್ಗಿದವರು ಮುಸುಕಿನ ಜೋಳ ಬೆಳೆಯುವ ಈ ಸೆಕೆಯ ನೆಲಕ್ಕೆ ಬಂದಿಳಿದರು. ಉಣ್ಣೆಯ ನಂಟನ್ನು ಅವರು ಬಿಡಲಿಲ್ಲ. ರತ್ನಗಂಬಳಿ ನೇಯ್ದರು, ಚಳಿಗಾಲ ಬಂದರೆ ನಮ್ಮ ಊರೂರುಗಳಲ್ಲಿ ಸ್ವೆಟರ್ ಮಾರಿದರು.

ಅದೇ ಟಿಬೆಟ್ಟಿನ ಲಾಸಾ ಆಪ್ಸೊ ನಾಯಿ ಲೋಕಕ್ಕೆ ಪರಿಚಯವಾದದ್ದು ಇನ್ನೊಂದು ದಾರಿಯಲ್ಲಿ. 1933ರಲ್ಲಿ 13ನೇ ದಲಾಯಿ ಲಾಮಾ ಅವರಿಂದ ಒಂದು ಜೋಡಿ ಆಪ್ಸೊಗಳು ಅಮೆರಿಕದ ಪ್ರವಾಸಿ ಸುಯ್ಡಮ್ ಕಟಿಂಗ್ ಅವರಿಗೆ ಉಡುಗೊರೆಯಾಗಿ ಹೋದವು. ಎರಡೇ ವರ್ಷದಲ್ಲಿ ಅಮೆರಿಕದ ಕೆನಲ್ ಕ್ಲಬ್ ಅದನ್ನು ತಳಿಯೆಂದು ಮಾನ್ಯಮಾಡಿತು. ಇಂದು ಬೈಲಕುಪ್ಪೆಯ ಮಠಗಳ ಅಂಗಳದಲ್ಲಿ ಬಿಸಿಲು ಕಾಯಿಸುವವು ಹೆಚ್ಚಾಗಿ ನಮ್ಮ ಬೀದಿಯ ಗಿಡ್ಡಗೂದಲ ನಾಯಿಗಳೇ. ಆಪ್ಸೊಗಳನ್ನು ನೋಡಬೇಕೆಂದರೆ ಮೈಸೂರಿನ ಬಡಾವಣೆಗಳ ಗೇಟಿನೊಳಗೆ ಇಣುಕಬೇಕು. ಜನ ನಿರಾಶ್ರಿತರಾಗಿ ಬಂದರು, ನಾಯಿ ಸರಕಾಗಿ ಬಂತು.

ಸರಕಿನೊಡನೆ ಅದರ ಹವಾಮಾನ ಬರುವುದಿಲ್ಲ. ಆಪ್ಸೊದ್ದು ಉದ್ದನೆಯ, ಭಾರವಾದ ಹೊರಗೂದಲು, ಕೆಳಗೆ ಮೆತ್ತನೆಯ ಒಳಗೂದಲು. ಅದು ಹೆಚ್ಚು ಉದುರುವುದಿಲ್ಲ, ಬೆಳೆಯುತ್ತಲೇ ಹೋಗುತ್ತದೆ. ಕೆಲವು ದಿನ ಬಾಚದಿದ್ದರೆ ಸಿಕ್ಕಾಗಿ, ಸಿಕ್ಕು ಜಡೆಯಾಗಿ, ಜಡೆ ಚರ್ಮವನ್ನು ಎಳೆಯತೊಡಗುತ್ತದೆ. ಸಿಕ್ಕು ಬಿಡಿಸದೆ ನೀರು ಹಾಕಿದರೆ ಅದು ಇನ್ನಷ್ಟು ಬಿಗಿಯುತ್ತದೆ. ಆದ್ದರಿಂದ ಸ್ನಾನಕ್ಕೆ ಮೊದಲು ಬಾಚಬೇಕು, ಸ್ನಾನದ ಮೇಲೆ ಬುಡದವರೆಗೂ ಒಣಗಿಸಬೇಕು. ನಮ್ಮ ಆಷಾಢದ ತೇವದಲ್ಲಿ ಅರೆಬರೆ ಒಣಗಿದ ತುಪ್ಪಟದ ಕೆಳಗೆ ಹುಣ್ಣು, ಬೂಷ್ಟಿನ ಸೋಂಕು ಹುಟ್ಟುವುದಕ್ಕೆ ಹೆಚ್ಚು ಹೊತ್ತು ಬೇಕಿಲ್ಲ. ಕಾಣದ ಜಾಗದಲ್ಲಿ ಉಣ್ಣೆಗೂ ಮನೆ ಸಿಗುತ್ತದೆ. ಹೀಗೆ ಎರಡು ಉಣ್ಣೆಗಳೂ ಒಂದೇ ಮೈಮೇಲೆ ಸೇರಿಕೊಂಡವು.

ಜರ್ಮನ್ ಶೆಫರ್ಡ್, ಗೋಲ್ಡನ್ ರಿಟ್ರೀವರ್, ಸ್ಪಿಟ್ಜ್‌ಗಳದ್ದು ಬೇರೆ ಬಗೆ. ಅವೂ ಎರಡು ಪದರದವೇ, ಆದರೆ ಒಳಗೂದಲು ಕಾಲಕಾಲಕ್ಕೆ ಉದುರುತ್ತದೆ. ಉದುರಿದ್ದನ್ನು ಬಾಚಿ ತೆಗೆಯಬೇಕೇ ಹೊರತು ಬೋಳಿಸಬಾರದು. ಬೇಸಿಗೆ ಬಂದೊಡನೆ ‘ಪಾಪ, ಸೆಕೆ’ ಎಂದು ಬುಡಸಹಿತ ಬೋಳಿಸುವುದು ಇಲ್ಲಿ ಸಾಮಾನ್ಯ. ನಾಯಿ ಮನುಷ್ಯರಂತೆ ಮೈಯೆಲ್ಲ ಬೆವರಿ ತಣಿಯುವ ಪ್ರಾಣಿಯಲ್ಲ, ಅದು ತಣಿಯುವುದು ಮುಖ್ಯವಾಗಿ ತೇಕುತ್ತಾ ನಾಲಿಗೆ ಚಾಚಿ. ಬೋಳಾದ ಚರ್ಮಕ್ಕೆ ಬಿಸಿಲು ನೇರ ಬಡಿಯುತ್ತದೆ, ಕೆಲವು ನಾಯಿಗಳಿಗೆ ಕೂದಲು ಮೊದಲಿನಂತೆ ಮತ್ತೆ ಬರುವುದೂ ಇಲ್ಲ. ಪೂಡಲ್‌ನ ಗುಂಗುರು ಕೂದಲಿಗೆ ನಿಯಮಿತ ಕತ್ತರಿ ಬೇಕು, ಟೆರಿಯರ್‌ಗಳ ತಂತಿಗೂದಲನ್ನು ಕೈಯಿಂದ ಕೀಳುವ ವಿಧಾನವೇ ಇದೆ. ಮನುಷ್ಯರ ಶಾಂಪೂ ನಾಯಿಯ ಚರ್ಮದ ಆಮ್ಲ-ಕ್ಷಾರದ ಹದಕ್ಕೆ ಹೊಂದುವುದಿಲ್ಲ.

ಇಷ್ಟೊಂದು ಬಗೆಗಳ ಹಿಂದಿರುವುದು ಬಹುಪಾಲು ಮೂರೇ ಜೀನುಗಳ ಆಟ ಎಂದು 2009ರ ಸಂಶೋಧನೆಯೊಂದು ತೋರಿಸಿತು. ಒಂದು ಉದ್ದವನ್ನು, ಒಂದು ಗುಂಗುರನ್ನು, ಇನ್ನೊಂದು ಮೀಸೆ-ಹುಬ್ಬಿನ ಪೊದೆಯನ್ನು ನಿಯಂತ್ರಿಸುತ್ತದೆ. ಈ ಮೂರನ್ನು ಬೇಕಾದಂತೆ ಕೂಡಿಸಿ ಕಳೆದದ್ದು ಮನುಷ್ಯರ ಆಯ್ಕೆ. 1859ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ನಡೆದ ಶ್ವಾನಪ್ರದರ್ಶನ, 1873ರಲ್ಲಿ ಸ್ಥಾಪನೆಯಾದ ಕೆನಲ್ ಕ್ಲಬ್ಬುಗಳಿಂದ ಮುಂದೆ ತಳಿಯ ಕೂದಲಿಗೆ ಬರೆದಿಟ್ಟ ಅಳತೆಗಳು ಬಂದವು. ಅದಕ್ಕೂ ಮೊದಲೇ ಪ್ಯಾರಿಸ್ಸಿನ ಸೇನ್ ನದಿಯ ಸೇತುವೆಗಳ ಬಳಿ ನಾಯಿಯ ಕೂದಲು ಕತ್ತರಿಸುವವರು ಬೀದಿಯಲ್ಲೇ ಕೂತು ದುಡಿಯುತ್ತಿದ್ದರು, ಅವರಲ್ಲಿ ಹೆಂಗಸರೂ ಇದ್ದರು. ಗ್ರೂಮಿಂಗ್ ಎಂಬ ಕಸುಬಿನ ಬೇರು ಅರಮನೆಯಲ್ಲಿ ಮಾತ್ರವಲ್ಲ, ಬೀದಿಯಲ್ಲೂ ಇದೆ.

ಮೈಸೂರಿನ ಅಂಗಡಿಗಳಲ್ಲಿ ಈ ಕೆಲಸ ಮಾಡುವವರ ಜೊತೆ ಕೂತು ನಾನು ಮಾತಾಡಿದ್ದೇನೆ. ಹಲವರು ಸುತ್ತಲ ತಾಲ್ಲೂಕುಗಳ ಹುಡುಗರು. ಹಲ್ಲು ಬಿಡುವ ನಾಯಿಯನ್ನು ಮೇಜಿನ ಮೇಲೆ ನಿಲ್ಲಿಸಿ, ಒಂದು ಕೈ ಗದ್ದದ ಕೆಳಗಿಟ್ಟು, ಇನ್ನೊಂದು ಕೈಯಲ್ಲಿ ಜಡೆಯ ತುದಿಯಿಂದ ಬುಡಕ್ಕೆ ಸ್ವಲ್ಪಸ್ವಲ್ಪವೇ ಬಾಚುವ ಅವರ ತಾಳ್ಮೆ ಯಾವ ಕುಶಲಕರ್ಮಿಗೂ ಕಡಿಮೆಯಲ್ಲ. ಮಾಲೀಕರಿಗೆ ಕಾಣದ ಗಂಟು, ಕಿವಿಯ ವಾಸನೆ, ಒಸಡಿನ ಬಿಳುಚು ಮೊದಲು ಸಿಗುವುದು ಇವರ ಬೆರಳಿಗೆ, ಕಣ್ಣಿಗೆ. ಕಂದು ಉಣ್ಣೆಯಿಂದ ಹರಡುವ ಜ್ವರದ ಸುಳಿವನ್ನು ಮೊದಲು ಹಿಡಿಯುವವರೂ ಎಷ್ಟೋ ಸಲ ಇವರೇ. ಊರಿನಲ್ಲಿ ಮಾತ್ರ ಏನು ಕೆಲಸವೆಂದು ಹೇಳಿಕೊಳ್ಳಲು ಕೆಲವರಿಗೆ ಸಂಕೋಚ. ‘ನಾಯಿಗೂ ಕಟಿಂಗಾ?’ ಎಂಬ ನಗೆಯ ಹಿಂದೆ ಹಳೆಯ ತಿರಸ್ಕಾರವೊಂದಿದೆ. ಮನುಷ್ಯರ ಕೂದಲು ಕತ್ತರಿಸುವವರ ಜಾತಿಯ ಹೆಸರನ್ನೇ ಬೈಗುಳವಾಗಿಸಿದ ಸಮಾಜ ನಮ್ಮದು. ಸತ್ತ ದನದ ಚರ್ಮ ಹದಮಾಡಿದವರನ್ನು ಊರಾಚೆ ಇಟ್ಟು, ಅವರು ಮಾಡಿದ ಚಪ್ಪಲಿಯನ್ನು ಮೆಟ್ಟಿದ ಸಮಾಜವೂ ನಮ್ಮದೇ. ನಾಯಿಯ ಮೈ ಮುಟ್ಟುವವರು ಅದೇ ಸಾಲಿನ ಕೊನೆಯಲ್ಲಿ ಬಂದು ನಿಂತಿದ್ದಾರೆ.

ಹಾಗಾಗಿ ಇದನ್ನು ಶೋಕಿ ಎಂದು ಕರೆದು ಮುಗಿಸುವುದು ನನಗೆ ಒಪ್ಪಿಗೆಯಾಗದು. ಶೋಕಿ ಇರುವುದು ಸೆಕೆಯ ನಾಡಿಗೆ ಹಿಮದ ತುಪ್ಪಟವನ್ನು ಕೊಂಡು ತರುವುದರಲ್ಲಿ. 2022ರ ‘777 ಚಾರ್ಲಿ’ ಸಿನಿಮಾ ಮೈಸೂರಿನ ಒಂಟಿ ಮನುಷ್ಯನ ಕಥೆ ಹೇಳುತ್ತಲೇ ಲಾಭಕ್ಕಾಗಿ ಮರಿ ಹಾಕಿಸುವ ದಂಧೆಯ ಕ್ರೌರ್ಯವನ್ನೂ ತೋರಿಸಿತ್ತು. ತಂದ ಮೇಲೆ ಆ ಕೂದಲನ್ನು ಬಾಚುವುದು ಶೋಕಿಯಲ್ಲ, ಸಾಲ ತೀರಿಸುವುದು. ಉದುರದ ಕೂದಲನ್ನು ಆಯ್ದು ಬೆಳೆಸಿದವರು ನಾವು, ಅದರ ಸಿಕ್ಕು ಬಿಡಿಸುವ ಹೊಣೆಯೂ ನಮ್ಮದೇ. ಹತ್ತು ನಿಮಿಷ ಬಾಚುವಷ್ಟು ಪುರುಸೊತ್ತಿಲ್ಲದವರು ಗಿಡ್ಡಗೂದಲ ಊರನಾಯಿಯನ್ನು ಸಾಕಲಿ. ಈ ನೆಲದ ಬಿಸಿಲು, ಮಳೆ ಅದರ ಮೈಗೆ ಮೊದಲೇ ಗೊತ್ತು.

ಆತಕೂರಿನ ಕಲ್ಲು ನಾಯಿಯೊಂದಕ್ಕೆ ವೀರನ ಗೌರವ ಕೊಟ್ಟು ಸಾವಿರ ವರ್ಷ ದಾಟಿದೆ. ಅದರ ಮೈ ತಿಕ್ಕಿದವರಿಗೆ ಕಲ್ಲು ಬೇಡ, ಒಂದು ಹೆಸರು ಸಾಕು. ‘ಗ್ರೂಮರ್’ ಎಂಬ ಪದಕ್ಕೆ ಕನ್ನಡದಲ್ಲಿ ಇನ್ನೂ ಎಲ್ಲರೂ ಒಪ್ಪಿದ ಮಾತಿಲ್ಲ. ಅದು ನಿಘಂಟಿನವರಿಂದ ಬರಬೇಕಿಲ್ಲ. ಕೆಲಸಕ್ಕೆ ಮರ್ಯಾದೆ ಸಿಕ್ಕಿದ ದಿನ ಆ ಹುಡುಗರ ಬಾಯಿಂದಲೇ ಬರುತ್ತದೆ.