ಅಮ್ಮನ ಜಪಸರ

ಬಿಜೂರಿನ ನಮ್ಮ ಹಳೆಯ ಮನೆಯಲ್ಲಿ ಮುಸ್ಸಂಜೆ ದೀಪ ಹಚ್ಚಿದೊಡನೆ ಅಮ್ಮ ಗೋಡೆಯ ಮೊಳೆಯಿಂದ ಜಪಸರವನ್ನು ಇಳಿಸುತ್ತಿದ್ದರು. ನಾವು ಮಕ್ಕಳು ಚಾಪೆಯ ಮೇಲೆ ಮೊಣಕಾಲೂರಬೇಕು. ನಮ್ಮ ಕೊಂಕಣಿಯಲ್ಲಿ ಅದಕ್ಕೆ ‘ತೆರ್ಸ್’ ಎಂದು ಹೆಸರು. ಐವತ್ತು ‘ನಮಾನ್ ಮರಿಯೆ’ ಮುಗಿಯುವಷ್ಟರಲ್ಲಿ ತಮ್ಮನಿಗೆ ನಿದ್ದೆ ಹತ್ತಿರುತ್ತಿತ್ತು. ಹಿರಿಯರೆದುರು ಕೈಮುಗಿದು ‘ಬೆಸಾಂವ್’, ಅಂದರೆ ಆಶೀರ್ವಾದ, ಬೇಡಿದ ಮೇಲೆಯೇ ಊಟ.

ಕಾಲೇಜಿಗೆ ಹೋಗುವ ಹುಮ್ಮಸ್ಸಿನಲ್ಲಿ ಒಮ್ಮೆ ಕೇಳಿದೆ: “ಒಂದೇ ಮಾತನ್ನು ಐವತ್ತು ಸಲ ಹೇಳುವುದೇಕೆ?” ಓದುಬರಹ ಬಾರದ ಅಮ್ಮ, “ನನ್ನ ಅಮ್ಮ ಹೇಳುತ್ತಿದ್ದರು, ನಾನೂ ಹೇಳುತ್ತೇನೆ” ಎಂದರು. ಅದು ಉತ್ತರವೇ ಅಲ್ಲವೆಂದು ಅಂದು ನನಗೆ ತೋರಿತು. ಮುಂದೆ ತರಗತಿಯಲ್ಲಿ ಇತಿಹಾಸ ಬೋಧಿಸುವಾಗ ಆ ಮಾತು ಮತ್ತೆ ಮತ್ತೆ ನೆನಪಾಯಿತು.

1681ರಲ್ಲಿ ಗೋವೆಯಿಂದ ಕೆನರಾಕ್ಕೆ ಬಂದ ಪಾದ್ರಿ ಜೋಸೆಫ್ ವಾಜ್ ನಮ್ಮ ಕುಂದಾಪುರ, ಗಂಗೊಳ್ಳಿ, ಬಸ್ರೂರುಗಳಲ್ಲಿಯೂ ಸೇವೆ ಸಲ್ಲಿಸಿದರು. 1687ರಲ್ಲಿ ಅವರು ಸಿಂಹಳಕ್ಕೆ ವೇಷ ಮರೆಸಿಕೊಂಡು ಹೋದರು. ಅಲ್ಲಿ ಡಚ್ಚರು ಕಥೋಲಿಕ ಆರಾಧನೆಯನ್ನು ನಿಷೇಧಿಸಿದ್ದರು. ಗುಟ್ಟಾಗಿ ಬಾಳುತ್ತಿದ್ದ ವಿಶ್ವಾಸಿಗಳನ್ನು ಗುರುತಿಸಲು ವಾಜ್ ಕೊರಳಿಗೆ ಜಪಸರ ಹಾಕಿಕೊಂಡು ಮನೆ ಮನೆಗೆ ಭಿಕ್ಷೆಗೆ ಹೋದರಂತೆ. ಅದನ್ನು ಕಂಡು ಗುರುತು ಹಿಡಿದ ಮನೆಗಳಲ್ಲಿ ಬಾಗಿಲು ತೆರೆಯಿತು. 2015ರಲ್ಲಿ ಕೊಲಂಬೊದಲ್ಲಿ ಅವರನ್ನು ಸಂತರೆಂದು ಘೋಷಿಸಲಾಯಿತು.

ಇಂಥದೇ ಪರೀಕ್ಷೆ ಕರಾವಳಿಗೂ ಬಂದಿತು. ಆಂಗ್ಲರಿಗೆ ನೆರವಾದರೆಂಬ ಸಂಶಯದಿಂದ 1784ರಲ್ಲಿ ಟಿಪ್ಪು ಸುಲ್ತಾನನು ಇಲ್ಲಿನ ಸಾವಿರಾರು ಕ್ರೈಸ್ತರನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದನು. ಹಲವು ಇಗರ್ಜಿಗಳು ನೆಲಸಮವಾದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅಳಿದುಳಿದವರು ಹಿಂದಿರುಗಿದರು. ಇಗರ್ಜಿಯಿಲ್ಲದ ಆ ಹದಿನೈದು ವರ್ಷ ಮಕ್ಕಳಿಗೆ ಜಪ ಕಲಿಸಿದವರು ಮನೆಯ ತಾಯಂದಿರಲ್ಲದೆ ಮತ್ತಾರು ಇದ್ದಾರು?

ಸೆಪ್ಟೆಂಬರ್ 8ರ ಮೊಂತಿ ಹಬ್ಬವೂ ಹೀಗೆಯೇ ಮನೆಯೊಳಗೆ ಉಳಿದು ಬಂದದ್ದು. ಇಗರ್ಜಿಯಲ್ಲಿ ಆಶೀರ್ವದಿಸಿದ ಭತ್ತದ ತೆನೆಯನ್ನು ಸುಲಿದು, ಹೊಸ ಅಕ್ಕಿಯನ್ನು ಹಾಲಿಗೆ ಬೆರೆಸಿ ಅಪ್ಪ ಎಲ್ಲರಿಗೂ ಹಂಚುತ್ತಿದ್ದರು. ಅಂದು ಮೀನಿಲ್ಲದ ಊಟ. ಪರವೂರಿನಲ್ಲಿದ್ದ ಅಣ್ಣನ ಪಾಲನ್ನೂ ಅಮ್ಮ ತೆಗೆದಿಡುತ್ತಿದ್ದರು. ನೆರೆಮನೆಯವರು ತಮ್ಮ ಹಬ್ಬಕ್ಕೆ ಬಾಗಿಲಿಗೆ ಕದಿರು ಕಟ್ಟಿ ‘ಹೊಸತು’ ಉಣ್ಣುತ್ತಿದ್ದರು. ಇಬ್ಬರ ತೆನೆಯೂ ಒಂದೇ ಬಯಲಿನದು.

ಇಷ್ಟೆಲ್ಲ ಬಲ್ಲ ನಾನೇ ನನ್ನ ಮನೆಯಲ್ಲಿ ತೆರ್ಸನ್ನು ನಡೆಸಿಕೊಂಡು ಬರಲಿಲ್ಲ. ಉತ್ತರಪತ್ರಿಕೆಗಳಿದ್ದವು, ಮಕ್ಕಳಿಗೆ ಪಾಠವಿತ್ತು, ಆಮೇಲೆ ಟೀವಿ ಬಂದಿತು. ಸುಲ್ತಾನನ ಸೆರೆಯಲ್ಲಿ ಕಡಿಯದ ಎಳೆಯನ್ನು ಕಡಿಯಲು ಇಷ್ಟು ಸಾಕಾಯಿತು! ಅಮ್ಮನ ಜಪಸರ ಈಗ ನನ್ನ ಮೇಜಿನ ಖಾನೆಯಲ್ಲಿದೆ. ಮಣಿಗಳು ಸವೆದು ನುಣುಪಾಗಿವೆ. ಈಚೆಗೆ ಸಂಜೆ ಅದನ್ನು ಹೊರತೆಗೆಯುತ್ತೇನೆ. ನಡುನಡುವೆ ಮಾತು ಮರೆಯುತ್ತದೆ. ಅಮ್ಮನ ದನಿಯನ್ನು ನೆನೆದರೆ ಮರಳಿ ಬರುತ್ತದೆ.

ಬಂಧುಗಳೇ, ಪ್ರಿಯ ಶಿಷ್ಯರೇ, ನೀವು ಯಾವ ದೇವರಿಗೆ ಕೈಮುಗಿಯುವವರೇ ಆಗಿರಿ, ನಿಮ್ಮ ಮನೆಯ ಹಿರಿಯರ ಬಾಯಲ್ಲಿ ಮಾತ್ರ ಉಳಿದಿರುವುದನ್ನು ಅವರಿರುವಾಗಲೇ ಕಲಿತುಕೊಳ್ಳಿರಿ.