ವಾರ್ನಾ ಮುತ್ತಿಗೆ (1201)

ಕಪ್ಪು ಸಮುದ್ರದ ಪಶ್ಚಿಮ ತೀರದ ವಾರ್ನಾ ದುರ್ಗವನ್ನು ಬಲ್ಗೇರಿಯದ ದೊರೆ ಕಲೋಯಾನನು 1201ರ ಮಾರ್ಚ್ ತಿಂಗಳಲ್ಲಿ ಮುತ್ತಿ, ಮೂರೇ ದಿನಗಳಲ್ಲಿ ಬೈಜಾಂಟಿಯಮ್ ಸಾಮ್ರಾಜ್ಯದಿಂದ ಕಸಿದುಕೊಂಡ ಯುದ್ಧಪ್ರಸಂಗ.

ಬೈಜಾಂಟಿಯಮ್ ಚಕ್ರವರ್ತಿ ಎರಡನೆಯ ಬೆಸಿಲನಿಗೆ 1018ರಲ್ಲಿ ಸಂಪೂರ್ಣವಾಗಿ ಅಧೀನವಾದ ಬಲ್ಗೇರಿಯವು ಒಂದೂವರೆ ಶತಮಾನಕ್ಕೂ ಮಿಗಿಲಾಗಿ ಪರಾಧೀನವಾಗಿಯೇ ಉಳಿದು, 1185ರಲ್ಲಿ, ಚಕ್ರವರ್ತಿ ಎರಡನೆಯ ಇಸಾಕನು ತನ್ನ ವಿವಾಹದ ವೆಚ್ಚಕ್ಕೆಂದು ಹೇರಿದ ಕರಭಾರದಿಂದ ಜನ ರೊಚ್ಚಿಗೆದ್ದಾಗ, ಪೀಟರ್ ಮತ್ತು ಅಸೆನ್ ಎಂಬ ಸೋದರರ ನೇತೃತ್ವದಲ್ಲಿ ದಂಗೆಯೆದ್ದಿತು. ಅಸೆನನು 1196ರಲ್ಲಿಯೂ ಪೀಟರನು ಅದರ ಮರುವರ್ಷದಲ್ಲಿಯೂ ಸ್ವಜನರಿಂದಲೇ ಹತರಾಗಲು, ಪಟ್ಟವು ಕಿರಿಯ ಸೋದರನಾದ ಕಲೋಯಾನನಿಗೆ ಸಂದಿತು. ಈತನು ಯೌವನದಲ್ಲಿ ಒತ್ತೆಯಾಳಾಗಿ ಬೈಜಾಂಟಿಯಮ್ ರಾಜಧಾನಿ ಕಾನ್‌ಸ್ಟಾಂಟಿನೋಪಲಿನಲ್ಲಿದ್ದು ಅಲ್ಲಿಂದ ತಪ್ಪಿಸಿಕೊಂಡು ಬಂದವನು; ಶತ್ರುವಿನ ಬಲಾಬಲಗಳನ್ನು ಅವನ ಮನೆಯೊಳಗಿದ್ದೇ ಕಂಡವನು.

ಮುತ್ತಿಗೆಯ ವೃತ್ತಾಂತವು ನಮಗೆ ದೊರೆಯುವುದು ಬೈಜಾಂಟಿಯಮ್ ಆಸ್ಥಾನದ ಅಧಿಕಾರಿಯೂ ಇತಿಹಾಸಕಾರನೂ ಆದ ನಿಕೆತಾಸ್ ಖೋನಿಯಾತೆಸನ ಗ್ರಂಥದಿಂದ. ಸೋತ ಪಕ್ಷದವನ ಬರಹವೆಂಬುದನ್ನು ಓದುಗರು ಮರೆಯಲಾಗದು. ರಕ್ಷಣೆಗೆ ನಿಂತವರಲ್ಲಿ ಹೆಚ್ಚಿನವರು ಪಶ್ಚಿಮ ಯೂರೋಪಿನಿಂದ ಬಂದ ಲ್ಯಾಟಿನ್ ಯೋಧರಾಗಿದ್ದು, ಅವರ ಪ್ರತಿರೋಧವು ಉಗ್ರವಾಗಿದ್ದಿತು. ಆಗ ಕಲೋಯಾನನು, ಕಂದಕದ ಅಗಲದಷ್ಟೇ ಉದ್ದವೂ ಕೋಟೆಗೋಡೆಯಷ್ಟೇ ಎತ್ತರವೂ ಉಳ್ಳ, ಗಾಲಿಗಳ ಮೇಲೆ ಚಲಿಸುವ ಚತುರಸ್ರಾಕಾರದ ಯಂತ್ರವೊಂದನ್ನು ಕಟ್ಟಿಸಿ, ಕಂದಕದ ಅಂಚಿನವರೆಗೆ ಅದನ್ನು ಉರುಳಿಸಿಕೊಂಡು ಹೋಗಿ ಆಚೆಗೆ ಕೆಡವಿಸಿದನು. ಕಂದಕಕ್ಕೆ ಸೇತುವೆಯಾದ ಆ ಯಂತ್ರವೇ ಕೋಟೆಯನ್ನೇರುವ ಏಣಿಯೂ ಆಯಿತು. ಕಂದಕವನ್ನು ಮಣ್ಣಿನಿಂದ ತುಂಬಿಸುವ ದೀರ್ಘಶ್ರಮವನ್ನೂ, ಅಷ್ಟು ಕಾಲ ಬಾಣವರ್ಷಕ್ಕೆ ಮೈಯೊಡ್ಡುವ ಸಂಕಟವನ್ನೂ ಒಂದೇ ಏಟಿಗೆ ನಿವಾರಿಸಿದ ಈ ಉಪಾಯವು, ಬಲ್ಗೇರಿಯನ್ನರನ್ನು ಅನಾಗರಿಕರೆಂದು ಹಳಿಯುತ್ತಿದ್ದ ಗ್ರೀಕ್ ಲೇಖಕರ ಮಾತನ್ನು ಅವರ ಲೇಖನಿಯಿಂದಲೇ ಸುಳ್ಳಾಗಿಸುತ್ತದೆ.

ಈಸ್ಟರ್ ಹಬ್ಬದ ಹಿಂದಿನ ದಿನವಾದ ಪವಿತ್ರ ಶನಿವಾರ, ಮಾರ್ಚ್ 24ರಂದು, ನಗರವು ಬಿದ್ದಿತು. ದಿನದ ಪಾವಿತ್ರ್ಯವನ್ನು ಲೆಕ್ಕಿಸದೆ ಕಲೋಯಾನನು ಸೆರೆಸಿಕ್ಕವರನ್ನು ಕಂದಕಕ್ಕೆ ತಳ್ಳಿಸಿ ಸಜೀವವಾಗಿ ಹೂಳಿಸಿದನೆಂದು ಖೋನಿಯಾತೆಸನು ಬರೆಯುತ್ತಾನೆ. ಬಲ್ಗೇರಿಯನ್ನರ ಮೇಲೆ ಬೆಸಿಲನು ಎಸಗಿದ್ದ ಕ್ರೌರ್ಯಕ್ಕೆ ಪ್ರತೀಕಾರವಾಗಿ ಮುಂದೆ ತನ್ನನ್ನು ರೋಮನ್‌ಹಂತಕನೆಂದು, ಎಂದರೆ ಬೈಜಾಂಟಿಯನ್ನರ ಹಂತಕನೆಂದು, ಕರೆಸಿಕೊಂಡವನಿಂದ ಇಂತಹ ಕೃತ್ಯ ಅಸಂಭವವೇನಲ್ಲ.

ಬಳಿಕ ಅವನು ಕೋಟೆಯ ಗೋಡೆಗಳನ್ನು ನೆಲಸಮಮಾಡಿಸಿ ಹಿಂದಿರುಗಿದನು. ಗೆದ್ದ ದುರ್ಗವನ್ನು ಕೆಡವುವುದು ಮೇಲ್ನೋಟಕ್ಕೆ ಅವಿವೇಕವೆನಿಸಬಹುದು. ಆದರೆ ಸಮುದ್ರಮಾರ್ಗವಾಗಿ ಬರಬಲ್ಲ ವೈರಿಗೆ ಭದ್ರವಾದ ನೆಲೆಯೊಂದು ಮತ್ತೆ ದೊರೆಯಬಾರದೆಂಬ ದೂರಾಲೋಚನೆ ಅದರ ಹಿಂದೆ ಇದ್ದಿರಬೇಕು. ಚಕ್ರವರ್ತಿ ಮೂರನೆಯ ಅಲೆಕ್ಸಿಯೋಸನು 1202ರ ಸುಮಾರಿಗೆ ಸಂಧಿಗೊಪ್ಪಿದಾಗ ವಾರ್ನಾ ಬಲ್ಗೇರಿಯದಲ್ಲಿಯೇ ಉಳಿಯಿತು.