ಗಡಿಯ ಆಚೆ, ಗಡಿಯ ಈಚೆ: ಮೆಂಫಿಸ್ ನಗರದ ಶಾಲೆಗಳ ಕಥೆ



ನಮ್ಮ ಊರುಗಳಲ್ಲಿ ‘ಪಬ್ಲಿಕ್ ಸ್ಕೂಲ್’ ಎಂಬ ಫಲಕ ಕಂಡರೆ ಅದು ಬಹುಮಟ್ಟಿಗೆ ಶುಲ್ಕ ಕಟ್ಟಿ ಓದುವ ಖಾಸಗಿ ಶಾಲೆ. ಅಮೆರಿಕದಲ್ಲಿ ಈ ಮಾತಿನ ಅರ್ಥ ಬೇರೆ. ಅಲ್ಲಿ ಪಬ್ಲಿಕ್ ಸ್ಕೂಲ್ ಎಂದರೆ ಜನರ ತೆರಿಗೆಯಿಂದ ನಡೆಯುವ, ಶುಲ್ಕವಿಲ್ಲದ ಸಾರ್ವಜನಿಕ ಶಾಲೆ. ಸ್ಥಳೀಯ ಶಾಲಾ ಮಂಡಲಿಗಳು ಇವುಗಳ ಆಡಳಿತ ನೋಡಿಕೊಳ್ಳುತ್ತವೆ. ಒಂದು ಮಂಡಲಿಯ ಗಡಿಯೊಳಗಿನ ಮಕ್ಕಳು ಸಾಮಾನ್ಯವಾಗಿ ಆ ಮಂಡಲಿಯ ಶಾಲೆಗೇ ಹೋಗುತ್ತಾರೆ. ಆದ್ದರಿಂದ ಗಡಿ ಎಲ್ಲಿದೆ ಎಂಬ ಪ್ರಶ್ನೆ, ಯಾವ ಮಗು ಯಾರ ಪಕ್ಕದಲ್ಲಿ ಕೂರುತ್ತದೆ ಎಂಬ ಪ್ರಶ್ನೆಯೂ ಹೌದು. ಟೆನೆಸಿ ರಾಜ್ಯದ ಮೆಂಫಿಸ್ ನಗರ ಮತ್ತು ಅದರ ಸುತ್ತಣ ಶೆಲ್ಬಿ ಕೌಂಟಿಯ ಇತಿಹಾಸ ಇದನ್ನು ಸ್ಪಷ್ಟವಾಗಿ ತೋರಿಸುತ್ತದೆ. ಕೌಂಟಿ ಎಂದರೆ ನಮ್ಮ ಜಿಲ್ಲೆಯನ್ನು ಹೋಲುವ ಆಡಳಿತ ವಿಭಾಗ.

ಕರಿಯರಿಗೂ ಬಿಳಿಯರಿಗೂ ಬೇರೆ ಬೇರೆ ಸಾರ್ವಜನಿಕ ಶಾಲೆ ನಡೆಸುವುದು ಸಂವಿಧಾನಕ್ಕೆ ವಿರುದ್ಧವೆಂದು ಅಮೆರಿಕದ ಸುಪ್ರೀಂ ಕೋರ್ಟ್ 1954ರಲ್ಲಿ ತೀರ್ಪಿತ್ತಿತು. ಮೆಂಫಿಸ್ ಕೂಡಲೇ ಕದಲಲಿಲ್ಲ. 1960ರಲ್ಲಿ ಕರಿಯ ಪೋಷಕರು ನ್ಯಾಯಾಲಯದ ಮೊರೆ ಹೊಕ್ಕರು. ಕೊನೆಗೆ 1961ರ ಅಕ್ಟೋಬರ್ 3ರಂದು ಒಂದನೆಯ ತರಗತಿಯ 13 ಕರಿಯ ಮಕ್ಕಳು ಪೊಲೀಸರ ಕಾವಲಿನಲ್ಲಿ ನಾಲ್ಕು ಬಿಳಿಯರ ಶಾಲೆಗಳಿಗೆ ಕಾಲಿಟ್ಟರು. ಗಲಭೆಯಾಗಲಿಲ್ಲ. ಆದರೆ ಸಾವಿರಾರು ಮಕ್ಕಳಿರುವ ಊರಿನಲ್ಲಿ ಅದು 13 ಮಕ್ಕಳ ಬದಲಾವಣೆ ಮಾತ್ರ! 1969ರಲ್ಲಿ ಕರಿಯ ಸಮುದಾಯದವರು ಸೋಮವಾರಗಳಂದು ಮಕ್ಕಳನ್ನು ಶಾಲೆಗೆ ಕಳುಹಿಸದೆ ಪ್ರತಿಭಟಿಸಿದರು. ಶಾಲಾ ಮಂಡಲಿಯಲ್ಲಿ ತಮಗೂ ಸ್ಥಾನ ಬೇಕೆಂಬುದು ಅವರ ಬೇಡಿಕೆಗಳಲ್ಲೊಂದು. ಈ ಹೋರಾಟದ ಮುಂದಾಳು ಮ್ಯಾಕ್ಸೀನ್ ಸ್ಮಿತ್ 1971ರಲ್ಲಿ ಮಂಡಲಿಗೆ ಆಯ್ಕೆಯಾದರು.

1973ರಲ್ಲಿ ನ್ಯಾಯಾಲಯದ ಆದೇಶದಂತೆ ಮಕ್ಕಳನ್ನು ಬಸ್ಸಿನಲ್ಲಿ ಬೇರೆ ಬಡಾವಣೆಗಳ ಶಾಲೆಗಳಿಗೆ ಕರೆದೊಯ್ಯುವ ವ್ಯವಸ್ಥೆ ಬಂತು. ಆಗ ನಡೆದದ್ದೇನು? ಹತ್ತಾರು ಸಾವಿರ ಬಿಳಿಯ ಮಕ್ಕಳು ನಗರದ ಸಾರ್ವಜನಿಕ ಶಾಲೆಗಳನ್ನು ತೊರೆದರು. ಅವರಿಗೆ ಎರಡು ದಾರಿಗಳಿದ್ದವು. ಒಂದು, ಖಾಸಗಿ ಶಾಲೆ; ಚರ್ಚುಗಳ ಆಶ್ರಯದಲ್ಲಿ ಇಂಥ ಅನೇಕ ಶಾಲೆಗಳು ತಲೆಯೆತ್ತಿದವು. ಇನ್ನೊಂದು, ನಗರದ ಗಡಿ ದಾಟಿ ಕೌಂಟಿಯ ಹೊರವಲಯಗಳಲ್ಲಿ ಮನೆ ಮಾಡುವುದು. 1974ರಲ್ಲಿ ಡೆಟ್ರಾಯಿಟ್ ನಗರದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್, ಹೊರವಲಯದ ಮಂಡಲಿಗಳ ತಪ್ಪು ಸಾಬೀತಾಗದೆ ಅವುಗಳನ್ನು ನಗರದ ಯೋಜನೆಗೆ ಸೇರಿಸಲಾಗದೆಂದು ಹೇಳಿತು. ಹೀಗೆ ದೇಶದಾದ್ಯಂತ ಆಡಳಿತದ ಗಡಿಗೆ ಬಲ ಬಂತು. ಖಾಸಗಿ ಶಾಲೆಗಳೂ ಬಣ್ಣದ ಕಾರಣಕ್ಕೆ ಮಕ್ಕಳನ್ನು ನಿರಾಕರಿಸುವಂತಿಲ್ಲ ಎಂಬ ತೀರ್ಪು 1976ರಲ್ಲಿ ಬಂದರೂ ಬಡವರ ಪಾಲಿಗೆ ಶುಲ್ಕವೇ ತಡೆಗೋಡೆಯಾಗಿ ಉಳಿಯಿತು.

ಖಾಸಗಿ ಶಾಲೆಗಳೆಲ್ಲ ಒಂದೇ ಬಗೆಯವಲ್ಲ ಎಂಬುದನ್ನೂ ಹೇಳಬೇಕು. ಕ್ಯಾಥೊಲಿಕ್ ಧರ್ಮಪ್ರಾಂತ್ಯವು ಮುಚ್ಚಿಹೋಗಿದ್ದ ತನ್ನ ಶಾಲೆಗಳನ್ನು 1999ರಿಂದ ಬಡ ಬಡಾವಣೆಗಳಲ್ಲಿ ಮತ್ತೆ ತೆರೆಯಿತು. ಹಣದ ಅಭಾವದಿಂದ ಅವು 2019ರಲ್ಲಿ ನಿಂತವು.

ಗಡಿಯನ್ನೇ ಅಳಿಸುವ ಪ್ರಯತ್ನವೂ ನಡೆಯಿತು. ಕೌಂಟಿಯ ಮಂಡಲಿ ತನ್ನ ತೆರಿಗೆಯನ್ನು ಪ್ರತ್ಯೇಕಿಸಿಕೊಂಡೀತೆಂಬ ಭಯದಿಂದ ನಗರದ ಮಂಡಲಿ 2010ರ ಡಿಸೆಂಬರಿನಲ್ಲಿ 5-4 ಮತಗಳಿಂದ ತನ್ನ ಪ್ರತ್ಯೇಕ ಅಸ್ತಿತ್ವವನ್ನೇ ಬಿಟ್ಟುಕೊಡಲು ನಿರ್ಧರಿಸಿತು. 2011ರ ಮಾರ್ಚಿನಲ್ಲಿ ನಗರದ ಮತದಾರರು ಒಪ್ಪಿದರು. 2013ರ ಜುಲೈ 1ರಂದು ಎರಡೂ ಮಂಡಲಿಗಳು ಒಂದಾದವು. ಆದರೆ ರಾಜ್ಯದ ಹೊಸ ಕಾನೂನಿನ ಬೆಂಬಲದಿಂದ ಜರ್ಮನ್‌ಟೌನ್, ಕಾಲಿಯರ್‌ವಿಲ್, ಬಾರ್ಟ್‌ಲೆಟ್ ಸೇರಿ ಆರು ಪಟ್ಟಣಗಳು 2014ರಲ್ಲಿ ತಮ್ಮದೇ ಮಂಡಲಿಗಳನ್ನು ಕಟ್ಟಿಕೊಂಡು ಹೊರನಡೆದವು. ಒಗ್ಗಟ್ಟು ಬಾಳಿದ್ದು ಒಂದೇ ಶೈಕ್ಷಣಿಕ ವರ್ಷ.

ತಮ್ಮ ಮಕ್ಕಳಿಗೆ ಒಳ್ಳೆಯ ಶಾಲೆ ಬೇಕೆಂದು ಬಯಸುವುದು ಯಾವ ತಂದೆತಾಯಿಯ ತಪ್ಪೂ ಅಲ್ಲ. ಆದರೆ ಹೊರಟು ಹೋಗಲು ಶಕ್ತಿಯಿದ್ದವರೆಲ್ಲ ಹೊರಟಾಗ, ಉಳಿದ ಮಕ್ಕಳ ಶಾಲೆಗಾಗಿ ದನಿಯೆತ್ತುವವರು ಯಾರು? 13 ಮಕ್ಕಳು ಹೊಸ್ತಿಲು ದಾಟಿದ ಮೇಲೂ ಆ ಊರು ಉತ್ತರಿಸದೆ ಉಳಿಸಿಕೊಂಡ ಪ್ರಶ್ನೆ ಇದು.